ಬಿಳಿ ಮೂರರ ಮೇಲಿನ ಅರಿಶಿಣ

ಮೊನ್ನೆ ಪೇಟಿ ರಿಪೇರಿಯವನು ಬಂದಿದ್ದ. ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಜಮಖಂಡಿ ಕಡೆ ಅದಕ್ಕೆ ಬೇರೆ ಹೆಸರಿಲ್ಲ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಬರುತ್ತಿದ್ದ ಅವನ ಅಪ್ಪನ ಬದಲು ಈ ಸಲ ಮೊದಲ ಬಾರಿ ಬಂದ ಅವನು, ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ, ನನ್ನ ಪೇಟಿಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಸಾಲಾಗಿ ಮಲಗಿಸಿದ. ಬೆರಳಿನಿಂದ ಒತ್ತುವ ಕರಿ, ಬಿಳಿ ಹಲ್ಲುಗಳಿಗೆ ನಾವು ಪಟ್ಟಿ ಎನ್ನುತ್ತೇವೆ. ಹಾಗೆ ಹಲ್ಲು ಕಳಚಿ ಬಾಯಿ ತೆರೆದು ಕುಳಿತ ಪೇಟಿಯನ್ನು ಕಂಡಾಗಲೆಲ್ಲ ನನಗೆ ನಮ್ಮ ಸೋದರತ್ತೆಯ ನೆನಪಾಗುತ್ತದೆ. ಹಲ್ಲಿಲ್ಲ ಎಂದು ಅವಳ ಮಾತು ಯಾವತ್ತೂ ನಿಂತಿರಲಿಲ್ಲ.

ಅವನು ಬಟ್ಟೆಗೆ ಸ್ಪಿರಿಟ್ ಹಚ್ಚಿಕೊಂಡು ಪಟ್ಟಿಗಳನ್ನು ಒರೆಸುತ್ತ ಹೋದ. ಒಂದು ಬಿಳಿ ಪಟ್ಟಿ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿ ನಕ್ಕ.

“ಅಕ್ಕಾರ, ಇದಕ್ಕ ಅರಿಶಿಣ ಹತ್ತೇತ್ರಿ. ಪಲ್ಯಾಕ್ಕ ಒಗ್ಗರಣಿ ಹಾಕಿ ಹಂಗ ಬಂದು ಬಾರಿಸೀರೇನು?”

“ಅದನ್ನ ಮುಟ್ಟಬ್ಯಾಡ!” ಎಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಪಾಪ, ಅವನ ಕೈಯಿಂದ ಪಟ್ಟಿ ಜಾರಿ ಬಿತ್ತು.

“ಅರಿಶಿಣದ ಕಲಿ ಹೋಗತೈತ್ರಿ. ಎರಡ ಸಲ ತಿಕ್ಕಿದ್ರ ಆತು.”

“ಹೋಗಬಾರದಂತನ ಹೇಳಾಕತ್ತೇನಿ, ಮಾರಾಯಾ.”

ಅವನು ನನ್ನನ್ನು ಒಂದು ತರಹ ನೋಡಿ ಆ ಪಟ್ಟಿಯನ್ನು ಬೇರೆಯಾಗಿ ಇಟ್ಟ. ನಿವೃತ್ತಿಯಾದ ಮೇಲೆ ಮೇಡಮ್ಮರ ತಲೆ ಸ್ವಲ್ಪ ಆಚೆ ಈಚೆ ಆಗಿದೆ ಎಂದುಕೊಂಡಿರಬೇಕು. ಹಾಗೆ ಅಂದುಕೊಂಡವರಲ್ಲಿ ಅವನೇನೂ ಮೊದಲಿಗನಲ್ಲ. ಚಹಾ ಮಾಡಿಕೊಟ್ಟು ಅವನೆದುರು ಕುಳಿತೆ. ಅವನು ಕೆಲಸ ಮಾಡುತ್ತಿದ್ದ, ನಾನು ಆ ಹಳದಿ ಕಲೆಯನ್ನೇ ನೋಡುತ್ತ ಎಲ್ಲೆಲ್ಲಿಗೋ ಹೋಗಿಬಿಟ್ಟೆ.

ಮೊದಲು ಹೋದದ್ದು ಅಪ್ಪನ ಹತ್ತಿರಕ್ಕೆ. ಅಪ್ಪ ನಾಟಕ ಕಂಪನಿಯೊಂದರಲ್ಲಿ ಪೇಟಿ ಮಾಸ್ತರರಾಗಿದ್ದರು. ಕಾಲಿನಿಂದ ತುಳಿದು ಎರಡೂ ಕೈಯಿಂದ ನುಡಿಸುವ ದೊಡ್ಡ ಪೇಟಿ ಅದು. ಕಂಪನಿ ಯಾವ ಊರಲ್ಲಿ ಡೇರೆ ಹಾಕಿದರೂ ಶಾಲೆಯ ರಜೆಗೆ ಅವ್ವ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ರಂಗದ ಮುಂದಿನ ತಗ್ಗಿನಲ್ಲಿ ಅಪ್ಪನ ಕಾಲ ಬಳಿ ಕುಳಿತು ನಾನು ನಾಟಕ ನೋಡಿದ್ದಕ್ಕಿಂತ ಅಪ್ಪನ ಪಾದ ನೋಡಿದ್ದೇ ಹೆಚ್ಚು. ರಾಜನಿಗೆ ಸಿಟ್ಟು ಬಂದಾಗ ಪಾದ ಬೇಗ ಬೇಗ ತುಳಿಯುತ್ತಿತ್ತು. ರಾಣಿ ಅತ್ತಾಗ ಮೆಲ್ಲಗೆ. ಕಥೆಯೆಲ್ಲ ನನಗೆ ತಿಳಿದದ್ದು ಅಪ್ಪನ ಹಿಮ್ಮಡಿಯಿಂದ. ಮುಖಕ್ಕೆ ಹಚ್ಚುವ ಬಣ್ಣದ ವಾಸನೆ, ಡೇರೆಯ ಒದ್ದೆ ತಟ್ಟಿನ ವಾಸನೆ, ಅಪ್ಪನ ಎಲೆ ಅಡಿಕೆಯ ವಾಸನೆ ಮೂರೂ ಕೂಡಿ ಬಂದರೆ ಈಗಲೂ ನನಗೆ ನಿದ್ದೆ ಬರುತ್ತದೆ.

ಅಪ್ಪನ ಪೇಟಿಯ ಒಂದು ಕರಿ ಪಟ್ಟಿಯ ಮೇಲೆ ಕೆಂಪು ಬೊಟ್ಟು ಇತ್ತು. ರಾಣಿಯ ತುಟಿಗೆ ಹಚ್ಚುವ ಬಣ್ಣವನ್ನೇ ಅಲ್ಲಿಗೂ ಇಟ್ಟಿದ್ದರು. ಅದು ಕರಿ ನಾಲ್ಕು, ಎಂದರೆ ಎಡದಿಂದ ನಾಲ್ಕನೆಯ ಕರಿ ಪಟ್ಟಿ. ಹಾಡುವವರು ಯಾವ ಪಟ್ಟಿಯನ್ನು ‘ಸ’ ಎಂದು ಹಿಡಿಯುತ್ತಾರೋ ಅದು ಅವರ ದನಿಯ ನೆಲೆ. ಕರಿ ನಾಲ್ಕು ಎಂದರೆ ಬಲು ಎತ್ತರ, ಬಿಳಿ ಮೂರು ಎಂದರೆ ಅದಕ್ಕಿಂತ ಸಾಕಷ್ಟು ಕೆಳಗೆ. ಇಷ್ಟು ತಿಳಿದುಕೊಂಡರೆ ಮುಂದಿನದೆಲ್ಲ ನಿಮಗೆ ಸಲೀಸು. ಕಂಪನಿಯಲ್ಲಿ ರಾಜ, ರಾಣಿ, ನಾರದ, ಹಾಸ್ಯದವನು ಎಲ್ಲರೂ ಕರಿ ನಾಲ್ಕಕ್ಕೇ ಹಾಡಬೇಕು. ಹೊಸದಾಗಿ ಸೇರಿದವನು ಏರಲಾರದೆ ಕೊರಳ ನರ ಉಬ್ಬಿಸಿಕೊಂಡು ಒದ್ದಾಡಿದರೂ ಅಪ್ಪ ಒಂದು ಪಟ್ಟಿ ಕೆಳಗಿಳಿಯುತ್ತಿರಲಿಲ್ಲ.

“ಪೇಟಿ ಯಾರ ಹಿಂದೂ ಹೋಗೂದಿಲ್ಲ ತಂಗಿ. ದನೀನೇ ಪೇಟಿ ಕಡೆ ಬರಬೇಕು,” ಎಂದು ನನಗೆ ಹೇಳುತ್ತಿದ್ದರು.

ಅದರಲ್ಲಿ ಜಂಬವಿರಲಿಲ್ಲ, ಭಯವಿತ್ತು. ಮೈಕು ನೆಚ್ಚುವಂತಿರದ ಕಾಲ. ಡೇರೆಯ ಹಿಂದಿನ ಕಂಬದ ಬಳಿ ಚಾದರ ಹಾಸಿ ಕುಳಿತವನಿಗೂ ಹಾಡು ಮುಟ್ಟಬೇಕು. ನಮ್ಮ ಮಂದಿ ಬೇಸರ ಬಂದರೆ ಕೂಗುವುದಿಲ್ಲ, ಕಲ್ಲು ಒಗೆಯುವುದಿಲ್ಲ. ಸುಮ್ಮನೆ ಎದ್ದು, ಕೂತಿದ್ದ ಚಾದರವನ್ನು ಪಟಪಟನೆ ಝಾಡಿಸಿ, ಹೆಗಲಿಗೆ ಹಾಕಿಕೊಂಡು ಹೋಗಿಬಿಡುತ್ತಾರೆ. “ಚಪ್ಪಾಳಿ ಮರತಾರು, ಚಾದರ ಝಾಡಿಸೂದು ಮರ್ಯಾಂಗಿಲ್ಲ,” ಎನ್ನುವುದು ಅಪ್ಪನ ಮಾತು. ಆ ಸಪ್ಪಳ ಒಂದು ಮೂಲೆಯಿಂದ ಎದ್ದರೆ ಸಾಕು, ಡೇರೆ ತುಂಬ ಹಬ್ಬುತ್ತದಂತೆ. ಒಂದು ಊರಿನಲ್ಲಿ ಹಾಗಾಗಿ ಕಂಪನಿಯ ಹಾಡುಗಾರನೊಬ್ಬ ಆಮೇಲೆ ಬಾಯೇ ತೆರೆಯಲಿಲ್ಲವೆಂದು, ಊರಿಗೆ ಹೋಗಿ ಕಿರಾಣಿ ಅಂಗಡಿ ಇಟ್ಟನೆಂದು ಅಪ್ಪ ಹೇಳುತ್ತಿದ್ದರು. ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಅಂಥ ಅಪ್ಪನ ಮಗಳಾದ ನಾನು ಸಂಗೀತ ಕಲಿತು ಜಮಖಂಡಿಯ ಒಂದು ಕಾಲೇಜಿನಲ್ಲಿ ಸಂಗೀತದ ಮೇಡಂ ಆದೆ. ಬಾಗಲಕೋಟೆ ಬೇರೆ ಜಿಲ್ಲೆಯಾದ ಹೊಸತು. ನಾಟಕ ಕಲಿಯುವ ಹುಡುಗ ಹುಡುಗಿಯರಿಗೆ ಹಾಡು ಮತ್ತು ದನಿಯ ಪಾಠ ಹೇಳುವುದು ನನ್ನ ಕೆಲಸ ಎಂದು ಆದೇಶದಲ್ಲಿ ಬರೆದಿತ್ತು. ನಿಜವಾದ ಕೆಲಸ ಸ್ವಾಗತಗೀತೆ. ಕಾಲೇಜಿಗೆ ಯಾವ ಸಾಹೇಬರು ಬಂದರೂ ನನಗೆ ಹೇಳಿಕಳಿಸುತ್ತಿದ್ದರು. ಹೊಸ ಬೋರ್‌ವೆಲ್ ಉದ್ಘಾಟನೆಗೂ ನಾನು ಹುಡುಗಿಯರನ್ನು ನಿಲ್ಲಿಸಿ ಸ್ವಾಗತ ಹಾಡಿಸಿದ್ದೇನೆ. ನೀರಿಗೆ ಸ್ವಾಗತವೋ ಮಂತ್ರಿಗಳಿಗೋ ಇವತ್ತಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಪಕ್ಕದವರು “ಯಾವ ಸಬ್ಜೆಕ್ಟ್ ಹೇಳ್ತೀರಿ?” ಎಂದು ಕೇಳಿ, ನಾನು ಸಂಗೀತ ಎಂದರೆ, “ಅದು ಆತ್ರಿ, ಸಬ್ಜೆಕ್ಟ್ ಯಾವುದು?” ಎಂದು ಮತ್ತೆ ಕೇಳುತ್ತಿದ್ದರು.

ನನ್ನ ಕೋಣೆ ಕ್ರೀಡಾ ಸಾಮಾನಿನ ಉಗ್ರಾಣದ ಪಕ್ಕದಲ್ಲಿತ್ತು. ಅಲ್ಲಿ ಮಕ್ಕಳನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಪುಸ್ತಕ ಇಟ್ಟು ಉಸಿರಾಡಿಸುತ್ತಿದ್ದೆ. ಪುಸ್ತಕ ಏರಿ ಇಳಿಯಬೇಕು, ಎದೆ ಅಲುಗಬಾರದು. ಕಿಟಕಿಯಿಂದ ಇಣುಕಿದ ಜವಾನ ಇದನ್ನು ಕಂಡು, ಸಂಗೀತದ ಕ್ಲಾಸಿನಲ್ಲಿ ಎಲ್ಲರೂ ಮಲಗಿಕೊಂಡೇ ಓದುತ್ತಾರೆಂದು ಪ್ರಿನ್ಸಿಪಾಲರಿಗೆ ವರದಿ ಒಪ್ಪಿಸಿದ್ದ. ಮಕ್ಕಳ ದನಿ ಕೇಳಿ ಅವರ ಊರು ಹೇಳುವುದನ್ನು ಆ ಕೋಣೆಯಲ್ಲಿ ಕಲಿತೆ. ಬನಹಟ್ಟಿಯ ಹುಡುಗಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಮನೆಯಲ್ಲಿ ಹಗಲೆಲ್ಲ ಮಗ್ಗ ಖಟಖಟ ಎನ್ನುವಾಗ ಕೂಗದಿದ್ದರೆ ಚಹಾ ಕೂಡ ಸಿಗುವುದಿಲ್ಲ. ಸಾವಳಗಿಯಿಂದ ಬರುವವನು ಹೊರಟ ಬಸ್ಸನ್ನು ಕೂಗಿ ನಿಲ್ಲಿಸುವ ಉಸಿರಿನವನು. ಸಮೀರವಾಡಿಯವನಿಗೆ ಸಕ್ಕರೆ ಕಾರ್ಖಾನೆಯ ಭೋಂಗಾದ, ಎಂದರೆ ಸೈರನ್ನಿನ, ಸ್ವರ ತಲೆಯಲ್ಲಿ ಕೂತುಬಿಟ್ಟಿತ್ತು. ಯಾವ ‘ಸ’ ಕೊಟ್ಟರೂ ಆ ಭೋಂಗಾಕ್ಕೇ ಹೋಗಿ ನಿಲ್ಲುತ್ತಿದ್ದ. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಅವನ ಹಾಡು ಸುಧಾರಿಸಿತು ಎಂದರೆ ನೀವು ನಂಬಲಿಕ್ಕಿಲ್ಲ.

ಎಲ್ಲರಿಗೂ ನಾನು ಕೊಡುತ್ತಿದ್ದುದು ಕರಿ ನಾಲ್ಕೇ. ಅಪ್ಪನ ಪೇಟಿ ಕಂಪನಿಯೊಂದಿಗೆ ಹೋಗಿತ್ತು. ನನ್ನ ಪೇಟಿಯ ಕರಿ ನಾಲ್ಕಕ್ಕೆ ಅಪ್ಪನೇ ಕೆಂಪು ಬೊಟ್ಟು ಇಟ್ಟುಕೊಟ್ಟಿದ್ದರು.

ಆ ಮಕ್ಕಳ ನಡುವೆ ಹಾಲವ್ವ ಇದ್ದಳು. ಬೀಳಗಿ ತಾಲ್ಲೂಕಿನ ಅನಗವಾಡಿಯ ಆಚೆ ಕೃಷ್ಣೆಯ ದಂಡೆಯ ಒಂದು ಸಣ್ಣ ಊರಿನವಳು. ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು. ಆಲಮಟ್ಟಿಯ ಹಿನ್ನೀರು ಏರಿ ಅವರ ಊರು ಆಗಷ್ಟೇ ಎತ್ತರದ ಬಯಲಿಗೆ ಎದ್ದು ಬಂದಿತ್ತು. ಎತ್ತರದ, ಎಲುಬು ಗಟ್ಟಿಯ ಹುಡುಗಿ. ಆದರೆ ಕ್ಲಾಸಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ತುಟಿ ಮಾತ್ರ ಆಡಿಸುತ್ತಿದ್ದಳು. ಒಬ್ಬಳನ್ನೇ ಹಾಡು ಎಂದರೆ ಕರಿ ನಾಲ್ಕರಲ್ಲಿ ಮೇಲಿನ ಸ್ವರಕ್ಕೆ ಹೋಗುವಷ್ಟರಲ್ಲಿ ದನಿ ಸೀಳಿ ಹೋಗುತ್ತಿತ್ತು. ಉಳಿದವರು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಗಂಡುದನಿ ಎಂದು ಅವಳಿಗೆ ಹಾಲಪ್ಪ ಎಂಬ ಹೆಸರನ್ನೇ ಇಟ್ಟಿದ್ದರು. ಅವಳು ಅದಕ್ಕೆ ಓ ಎನ್ನುವುದನ್ನೂ ಕಲಿತುಬಿಟ್ಟಿದ್ದಳು. ಅದು ನನಗೆ ತುಂಬ ನೋವು ಮಾಡುತ್ತಿತ್ತು.

ಒಂದು ದಿನ ಮಧ್ಯಾಹ್ನ ಕಾಲೇಜಿನ ಮುಂದಿನ ರಸ್ತೆಯಲ್ಲಿ ಯಾರದೋ ಕುರಿ ಹಿಂಡು ಹಾಯ್ದು ಹೋಗುತ್ತಿತ್ತು. ಗೇಟು ತೆರೆದಿದ್ದರಿಂದ ಹಿಂಡು ಒಳಗೆ ನುಗ್ಗಿ ಪ್ರಿನ್ಸಿಪಾಲರ ಗುಲಾಬಿಗೆ ಬಾಯಿ ಹಾಕಿತು. ಜವಾನರು ಓಡಿದರು, ಕೋಲು ಬೀಸಿದರು. ಕುರಿಗಳು ಇನ್ನಷ್ಟು ಒಳಗೆ ಹೋದವು. ಒಂದು ಟಗರು ಲೈಬ್ರರಿಯ ಮೆಟ್ಟಿಲನ್ನೂ ಏರಿತು. ಆಗ ವರಾಂಡದ ತುದಿಯಲ್ಲಿ ನಿಂತ ಹಾಲವ್ವ ಒಮ್ಮೆ ಕರೆದಳು. ಅದರಲ್ಲಿ ಮಾತಿರಲಿಲ್ಲ. ಉದ್ದನೆಯ ಒಂದೇ ಸ್ವರ, ತಗ್ಗಿನದು, ತುಂಬಿದ್ದು. ಕೊರಳಲ್ಲಿ ಎಲ್ಲೂ ತಡೆಯಿಲ್ಲದೆ ಹೊಟ್ಟೆಯಿಂದ ನೇರ ಬಂದದ್ದು. ಹಿಂಡು ತಲೆ ಎತ್ತಿತು, ತಿರುಗಿತು, ಸಾಲಾಗಿ ಗೇಟಿನತ್ತ ನಡೆಯಿತು. ಕುರಿಗಳಿಗೂ ಅವಳಿಗೂ ಗುರುತಿರಲಿಲ್ಲ ಎನ್ನುವುದು ನೆನಪಿರಲಿ.

ನಾನು ಕೋಣೆಗೆ ಓಡಿ ಆ ಸ್ವರ ತಲೆಯಿಂದ ಹೋಗುವ ಮೊದಲೇ ಪೇಟಿಯ ಮೇಲೆ ಹುಡುಕಿದೆ. ಬಿಳಿ ಮೂರು.

ಆವತ್ತು ಸಂಜೆ ಉಳಿದವರನ್ನೆಲ್ಲ ಕಳಿಸಿ, ಬಿಳಿ ಮೂರನ್ನು ‘ಸ’ ಮಾಡಿಕೊಂಡು ಅವಳಿಗೆ ಹಾಡಲು ಹೇಳಿದೆ. ಹಾಲವ್ವ ಮೊದಲ ಸಾಲು ಹಾಡಿ ತಾನೇ ಬೆಚ್ಚಿ ನಿಂತಳು. “ಮೇಡಂ, ಇದು ತಪ್ಪಲ್ಲೇನ್ರಿ? ಇಷ್ಟು ಸಲೀಸಾಗಿ ಬರಾಕತ್ತೇತಿ,” ಎಂದಳು. ಸಲೀಸಾಗಿ ಬಂದದ್ದು ತಪ್ಪಿರಬೇಕು ಎಂದುಕೊಂಡ ಆ ಹುಡುಗಿಯ ಮುಂದೆ ಬಿಳಿ ಮೂರನ್ನೇ ಮತ್ತೆ ಒತ್ತಿದೆ. “ಇನ್ನೊಮ್ಮಿ ಹಾಡು,” ಎಂದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಆಗ ಅಪ್ಪ ನನ್ನ ಮನೆಯಲ್ಲೇ ಇದ್ದರು. ಹಲ್ಲು ಹೋಗಿದ್ದರೂ ಎಲೆ ಅಡಿಕೆ ಬಿಟ್ಟಿರಲಿಲ್ಲ. ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಹಾಕಿಕೊಳ್ಳುತ್ತಿದ್ದರು. ನನ್ನ ಮಾತು ಕೇಳಿ ಕುಟ್ಟುವುದು ನಿಂತಿತು.

“ಬಿಳಿ ಮೂರಾ? ಹೆಣ್ಣಾಳಿಗೆ?”

“ಆಕಿ ದನಿ ಅಲ್ಲೇ ಐತ್ಯಪ್ಪಾ.”

“ಕೋಣ್ಯಾಗ ಹಾಡಾಕ ಛಲೋ. ಬಯಲಾಗ ಅಷ್ಟು ತಗ್ಗಿಲೆ ಹಾಡಿದ್ರ ಎರಡನೇ ಸಾಲಿಗೂ ಮುಟ್ಟಾಂಗಿಲ್ಲ.”

“ಈಗ ಮೈಕ್ ಅದಾವಲ್ಲ.”

“ಮೈಕ್ ಕೈ ಕೊಟ್ರ?”

ನನಗೆ ಸಿಟ್ಟು ಬಂತು. ಪೇಟಿಯನ್ನು ದನಿಯ ಹತ್ತಿರ ಒಯ್ಯುತ್ತೇನೆ, ನೋಡೋಣ ಏನಾಗುತ್ತದೋ ಎಂದು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಕುಟ್ಟಾಣಿಯ ಸಪ್ಪಳವೂ ಸ್ವಲ್ಪ ಜೋರಾಗಿಯೇ ಮತ್ತೆ ಶುರುವಾಯಿತು.

ನಮ್ಮ ಕನ್ನಡದ ಅಧ್ಯಾಪಕರು ಆ ವರ್ಷ ಒಂದು ಹಾಡುನಾಟಕ ಬರೆದಿದ್ದರು. ಕುರಿ ಕಾಯುವ ಹೆಂಗಸೊಬ್ಬಳು ಕಳೆದುಹೋದ ಮರಿಯನ್ನು ಹುಡುಕುತ್ತ ಅರಮನೆಗೆ ಬಂದು, ಸೊಕ್ಕಿನ ರಾಜನನ್ನು ಪ್ರಶ್ನೆ ಮಾಡುವ ಕಥೆ. ಆ ಹೆಂಗಸಿನ ಪಾತ್ರವನ್ನು ಹಾಲವ್ವನಿಗೆ ಕೊಟ್ಟೆ. ಮೊದಮೊದಲು ಉಳಿದವರು ನಕ್ಕರು. ಕೆಲವು ದಿನಗಳಾದ ಮೇಲೆ ಅವಳು ಹಾಡುವಾಗ ಪಕ್ಕದ ಉಗ್ರಾಣದಲ್ಲಿ ಚೆಂಡು ಎಣಿಸುವವರೂ ಸುಮ್ಮನಾಗುತ್ತಿದ್ದರು. ಹಾಲಪ್ಪ ಎನ್ನುವ ಹೆಸರು ಯಾವಾಗ ಅಳಿಸಿಹೋಯಿತೋ ಯಾರಿಗೂ ಗೊತ್ತಾಗಲಿಲ್ಲ.

ಇಷ್ಟರಲ್ಲಿ ಅವಳ ತಂದೆ ಮಾಳಪ್ಪ ಬಂದರು. ಹೆಗಲ ಮೇಲೆ ಕಂಬಳಿ, ಹಣೆ ತುಂಬ ಭಂಡಾರ. ಬೀರಪ್ಪನ ಒಕ್ಕಲಿನವರು ಹಣೆಗೆ ಹಚ್ಚುವ ಅರಿಶಿಣದ ಪುಡಿಗೆ ಭಂಡಾರ ಎನ್ನುತ್ತಾರೆ. ದೇವರ ಮುಂದೆ ತೂರುವುದೂ ಅದನ್ನೇ. ಕುರ್ಚಿ ಹಾಕಿಸಿದರೂ ಅವರು ನೆಲದ ಮೇಲೆಯೇ ಕುಳಿತರು. ನಾನೂ ಕೆಳಗಿಳಿದು ಕುಳಿತೆ.

“ಅಕ್ಕಾರ, ಓದಾಕಂತ ಕಳಿಸೇನಿ. ನಾಟಕದಾಗ ಹಾಡ್ತಾಳಂತ ಮಂದಿ ಹೇಳಾಕತ್ತಾರ. ಖರೆ ಏನ್ರಿ?”

“ಖರೆ. ಭಾಳ ಛಲೋ ಹಾಡ್ತಾಳ್ರಿ.”

“ನಾನೂ ಡೊಳ್ಳಿನ ಹಾಡಿನಾಂವರಿ. ಹಾಡು ಕೆಟ್ಟದ್ದಂತ ನಾ ಅನ್ನಾಂಗಿಲ್ಲ. ಆದ್ರ ನಮ್ಮ ಮ್ಯಾಳದಾಗ ಹೆಣಮಕ್ಕಳು ಹಾಡೂದಿಲ್ಲ. ನಾಟಕದಾಗ ಹಾಡೂ ಹೆಣಮಗಳಿಗೆ ಮಂದಿ ಏನಂತಾರ, ನಿಮಗ ಗೊತ್ತಿಲ್ಲದ್ದೇನಲ್ಲ.”

ನಾನು ಕಲಿತ ಮಾತೆಲ್ಲ ಆಡಿದೆ. ಅವರು ಗೌರವದಿಂದಲೇ ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ನಾ ಒಬ್ಬಾಂವ ಹೂಂ ಅಂದ್ರ ಆಗೂದಿಲ್ರಿ. ಊರು ಎದ್ದು ಬಂದೇತಿ. ಹಳೇ ಓಣಿ ಒಂದೂ ಉಳದಿಲ್ಲ. ಯಾರ ಬಾಜೂಕ ಯಾರದಾರ ಇನ್ನೂ ತಿಳೀವಲ್ದು. ಇಂಥಾದ್ರಾಗ ನನ್ನ ಮನಿ ಒಂದ ಬ್ಯಾರೆ ಆದ್ರ ಹೆಂಗ? ನಿಮ್ಮ ನಾಟಕ ನಮ್ಮ ಊರಾಗ ಹಚ್ಚರಿ. ಮಂದಿ ಕುಂತು ಕೇಳಿದ್ರ ಆಕಿ ಹಾಡಲಿ, ಓದಲಿ, ನಾ ಅಡ್ಡ ಬರಾಂಗಿಲ್ಲ. ಚಾದರ ಝಾಡಿಸಿ ಎದ್ದು ಹೋದ್ರ, ಮರುದಿನ ನಾ ಕರಕೊಂಡು ಹೋಗ್ತೀನಿ. ಮದುವಿ ಮಾಡಿಕೊಡಾಕ ನಮ್ಮ ಅಕ್ಕನ ಮಗ ಅದಾನ.”

ಬಾಗಿಲ ಹೊರಗೆ ಹಾಲವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದು ತಂದೆಯ ಮುಂದೆ ಕುಳಿತು, “ಆತಪ್ಪಾ,” ಎಂದಳು. ಅಷ್ಟೇ. ಅವಳಿಗಿಂತ ಹೆಚ್ಚು ಹೆದರಿದವಳು ನಾನೇ. ಚಾದರ ಝಾಡಿಸುವ ಸಪ್ಪಳದ ಕಥೆ ಕೇಳಿ ಬೆಳೆದವಳು ನಾನಲ್ಲವೇ?

ಮಳೆ ಸ್ವಲ್ಪ ಹಿಂದಾಗಿ ಗಾಳಿ ಜೋರಾಗಿದ್ದ ಒಂದು ದಿನ ಟೆಂಪೋದಲ್ಲಿ ಪೇಟಿ, ತಬಲಾ, ರಾಜನ ಕಿರೀಟ ಎಲ್ಲ ಹೇರಿಕೊಂಡು ಆ ಊರಿಗೆ ಹೋದೆವು. ಹೊಸ ಊರು ಎಂದರೆ ಗೆರೆ ಎಳೆದಂತೆ ನೆಟ್ಟಗಿನ ರಸ್ತೆಗಳು, ನಡುವೆ ತೆರವು ಜಾಗ, ಇನ್ನೂ ಮೊಳಕಾಲೆತ್ತರ ಬೆಳೆಯದ ಬೇವಿನ ಸಸಿಗಳು. ಗಾಳಿಗೆ ಅಡ್ಡವಾಗಿ ಒಂದು ಗಿಡವೂ ಇರಲಿಲ್ಲ. ಊರಿನವರು ಹಲಗೆ ಜೋಡಿಸಿ ರಂಗ ಕಟ್ಟಿದ್ದರು. ಕಟ್ಟಿದ್ದು ಪಡುವಣಕ್ಕೆ ಮುಖ ಮಾಡಿ. ಎದುರಿನಿಂದ ಬೀಸುವ ಗಾಳಿ ನೇರವಾಗಿ ಹಾಡುವವರ ಬಾಯಿಗೇ ಬಂದು ಬಡಿಯುತ್ತಿತ್ತು. ಇಳಿಯುವ ಹೊತ್ತಿನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು.

“ಇದನ್ನ ತಿರುವಿ ಕಟ್ಟಬೇಕಾಗಿತ್ರಿ. ಗಾಳಿಗೆ ದನಿ ಹೊಳ್ಳಿ ಹಿಂದ ಹೋಗತೈತಿ,” ಎಂದೆ.

ಹಿರಿಯರೊಬ್ಬರು ತಲೆ ಅಲ್ಲಾಡಿಸಿದರು. “ಆಟ ಆಡೂದು ದೇವರ ಮುಂದರಿ ಅಕ್ಕಾರ. ದೇವರು ಅಲ್ಲಿ ಅದಾನ.” ಅವರು ಕೈ ಮಾಡಿದ ಕಡೆ ದೂರದಲ್ಲಿ ಹಿನ್ನೀರು ಹೊಳೆಯುತ್ತಿತ್ತು.

“ಮೂರ್ತಿ ಇಲ್ಲೇ ತಗಡಿನ ಶೆಡ್ಡಿನ್ಯಾಗ ತಂದಿಟ್ಟೀರಲ್ಲ?”

“ಮೂರ್ತಿ ತಂದೇವಿ. ಗದ್ದಿಗಿ ಅಲ್ಲೇ ಐತಲ್ಲರಿ, ನೀರಾಗ.”

ಹಳೆಯ ಊರಿನಲ್ಲಿ ಆಟದ ಕಟ್ಟೆಯ ಮುಖ ಗುಡಿಯ ಕಡೆ ಇತ್ತಂತೆ. ಅಲ್ಲಿ ಸುತ್ತ ಮನೆಗಳಿದ್ದವು, ಆಲದ ಮರವಿತ್ತು, ಗಾಳಿ ಒಳಗೆ ಬರುತ್ತಿರಲಿಲ್ಲ. ಇಲ್ಲಿ ಅವರು ಉಳಿದೆಲ್ಲ ಬಿಟ್ಟು ಬಂದು ಆ ದಿಕ್ಕನ್ನು ಮಾತ್ರ ಜೊತೆಗೆ ತಂದಿದ್ದರು. ನನಗೆ ಮತ್ತೆ ವಾದ ಮಾಡುವ ಮನಸ್ಸಾಗಲಿಲ್ಲ. ಮೈಕು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕತ್ತಲಾಗುವುದರೊಳಗೆ ಹುಡುಗಿಯರನ್ನು ಕರೆದುಕೊಂಡು ಹೊರಡಬೇಕಿತ್ತು, ಆದ್ದರಿಂದ ಹೊತ್ತಿರುವಾಗಲೇ ಆಟ ಶುರು ಮಾಡಿದೆವು.

ಊರೆಲ್ಲ ಬಂದು ಚಾದರ, ಕಂಬಳಿ ಹಾಸಿ ಕುಳಿತಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹೊಸ ಜಾಗವಾದ್ದರಿಂದ ಎಲ್ಲಿ ಕೂರುವುದೆಂದು ತಿಳಿಯದೆ ದೂರ ದೂರ ಕುಳಿತಿದ್ದರು. ಮಾಳಪ್ಪ ಕೂರಲಿಲ್ಲ. ಎಲ್ಲರ ಹಿಂದೆ ಡೊಳ್ಳಿನ ಮೇಳದವರೊಂದಿಗೆ ನಿಂತೇ ಇದ್ದರು. ರಾಜನಾಗಿದ್ದ ನಮ್ಮ ಸಾವಳಗಿಯ ಹುಡುಗ ಸೂರ್ಯನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಸಿಂಹಾಸನದ ಮೇಲೆ ಹಣೆಗೆ ಕೈ ಅಡ್ಡ ಹಿಡಿದು ದರ್ಬಾರು ನಡೆಸಿದ. ಮಂದಿ ನಕ್ಕರು. ಎಲ್ಲ ಚೆನ್ನಾಗಿಯೇ ನಡೆದಿತ್ತು.

ಹಾಲವ್ವ ಹೆಗಲಿಗೆ ಕಂಬಳಿ ಹಾಕಿಕೊಂಡು ರಂಗಕ್ಕೆ ಬಂದಳು. ಮಂದಿಯಲ್ಲಿ ಪಿಸುಪಿಸು ಎದ್ದಿತು. ನಾನು ಬಿಳಿ ಮೂರು ಒತ್ತಿದೆ. ‘ಕರಿಯ ಮರಿ ಕಂಡೀರೇನ’ ಎಂದು ಅವಳು ಎತ್ತಿಕೊಂಡಳು. ಮೊದಲ ಸಾಲು ಮುಗಿಯುವುದರೊಳಗೆ ಕರೆಂಟು ಹೋಯಿತು.

ಮೈಕೂ ಸತ್ತಿತು. ಅಲ್ಲಿಯವರೆಗೆ ಊರು ತುಂಬಿದ್ದ ದನಿ ಹಲಗೆಯ ಅಂಚಿಗೆ ಬಂದು ನಿಂತಂತಾಯಿತು. ಗಾಳಿ ಅದನ್ನು ಹಿಡಿದು ಹಿಂದಕ್ಕೆ, ನಮ್ಮ ಬೆನ್ನ ಹಿಂದಿನ ಖಾಲಿ ಬಯಲಿಗೆ ಒಯ್ಯುತ್ತಿತ್ತು. ಎದುರಿಗೆ ಕುಳಿತವರು ಕಿವಿಯ ಹಿಂದೆ ಕೈ ಇಟ್ಟುಕೊಳ್ಳುವುದು ಕಾಣುತ್ತಿತ್ತು. ಅಪ್ಪ ಹೇಳಿದ್ದು ಅಕ್ಷರ ಅಕ್ಷರ ನಿಜವಾಗಿತ್ತು. ನನ್ನ ಬೆರಳು ತಾನಾಗಿಯೇ ಕೆಂಪು ಬೊಟ್ಟಿನ ಮೇಲೆ ಹೋಯಿತು. ಕರಿ ನಾಲ್ಕಕ್ಕೆ ಏರಿದರೆ ಸೀಳಿದರೂ ಸರಿ, ಕೂಗಿದಂತಾದರೂ ಸರಿ, ದನಿ ಹಿಂದಿನವರಿಗೆ ಮುಟ್ಟಬಹುದು. ಅವಳತ್ತ ನೋಡಿದೆ.

ಹಾಲವ್ವ ನನ್ನ ಬೆರಳನ್ನು ನೋಡಿದಳು. ಹಾಡು ನಿಲ್ಲಿಸದೆ ಮೆಲ್ಲಗೆ ತಲೆ ಅಲ್ಲಾಡಿಸಿದಳು. ನಾನು ಬಿಳಿ ಮೂರರಲ್ಲೇ ಉಳಿದೆ.

ಆಗ ಕೇಳಿಸಿತು ಆ ಸಪ್ಪಳ. ಹೆಂಗಸರ ಕಡೆ ಹಿಂದಿನ ಸಾಲಿನಲ್ಲಿ ಮುದುಕಿಯೊಬ್ಬಳು ಎದ್ದು ನಿಂತು ಚಾದರ ಝಾಡಿಸಿದಳು. ಪಟ್, ಪಟ್. ಅವಳ ಪಕ್ಕದವಳು ಎದ್ದಳು. ಆಮೇಲೆ ಒಂದು ಸಾಲು, ಇನ್ನೊಂದು ಸಾಲು, ಗಂಡಸರ ಕಡೆಯೂ. ಇಡೀ ಊರು ಎದ್ದು ನಿಂತು ಚಾದರ, ಕಂಬಳಿ ಝಾಡಿಸತೊಡಗಿತು. ಎದ್ದ ಧೂಳು ಗಾಳಿಯಲ್ಲಿ ನೇರ ನಮ್ಮ ಮುಖಕ್ಕೆ ಬಂತು. ನನ್ನ ಕಣ್ಣಲ್ಲಿ ನೀರು ಬಂದದ್ದಕ್ಕೆ ಧೂಳನ್ನು ದೂರುವುದಿಲ್ಲ. ಹಾಲವ್ವನ ದನಿ ಒಂದು ಕ್ಷಣ ಅದುರಿತು. ಅವಳು ಹಿಂದೆ ನಿಂತ ತಂದೆಯನ್ನು ನೋಡಿದಳು. ಅವರು ತಲೆ ತಗ್ಗಿಸಿದ್ದರು. ಅವಳು ಕಣ್ಣು ಮುಚ್ಚಿಕೊಂಡಳು. ಎಲ್ಲರೂ ಹೋದ ಮೇಲೂ ಹಾಡು ಮುಗಿಸಿಯೇ ಇಳಿಯುವೆನೆಂಬಂತೆ, ಅದೇ ತಗ್ಗಿನಲ್ಲಿ, ಅದೇ ತುಂಬಿದ ಉಸಿರಿನಲ್ಲಿ ಕಳೆದುಹೋದ ಮರಿಯನ್ನು ಕರೆದಳು.

ಧೂಳಿನ ನಡುವೆ ಆ ಮುದುಕಿಯ ಮಾತು ಕೇಳಿಸಿತು.

“ದನಿ ನಮ್ಮ ಕಡೆ ಬರವಲ್ದಂದ್ರ ನಾವ ಅದರ ಕಡೆ ಹೋಗೂಣ ನಡೀರೇ. ಯವ್ವಾ, ಹುಡುಗಿ ಒಬ್ಬಾಕೀನ ಕರ್ಯಾಕತ್ತಾಳ!”

ಅವರು ಮನೆಗಳ ಕಡೆ ತಿರುಗಲಿಲ್ಲ. ಚಾದರ ಹೆಗಲಿಗೆ ಹಾಕಿಕೊಂಡು ರಂಗದ ಕಡೆ ನಡೆದು ಬಂದರು. ಹಲಗೆಗೆ ಮೊಳಕಾಲು ತಾಗುವಷ್ಟು ಹತ್ತಿರ ಕುಳಿತರು. ಜಾಗ ಸಾಲದೆ ಎರಡೂ ಮಗ್ಗುಲಿಗೆ ಕುಳಿತರು. ಅಲ್ಲೂ ಸಾಲದೆ ರಂಗದ ಹಿಂದೆ, ಗಾಳಿ ದನಿಯನ್ನು ಒಯ್ಯುತ್ತಿದ್ದ ಕಡೆಗೇ ಹೋಗಿ ಕುಳಿತರು. ಗಂಡಸರ ಕಡೆ, ಹೆಂಗಸರ ಕಡೆ ಎನ್ನುವುದು ಉಳಿಯಲಿಲ್ಲ. ರಾಜನ ಸಿಂಹಾಸನಕ್ಕೆ ಆತುಕೊಂಡೂ ಇಬ್ಬರು ಕುಳಿತಿದ್ದರು. ಹಾಲವ್ವ ಕಣ್ಣು ತೆರೆದಾಗ ಅವಳ ಸುತ್ತ ಊರು ಇತ್ತು. ಗಾಳಿಗೆ ಅವರ ಮೈಗಳೇ ಅಡ್ಡವಾಗಿದ್ದವು. ಅವಳು ಮೆಲ್ಲಗೆ ಹಾಡಿದರೂ ಕೇಳಿಸುತ್ತಿತ್ತು. ಹಾಡು ಮುಗಿದಾಗ ಅಪ್ಪ ಹೇಳಿದಂತೆಯೇ ಯಾರಿಗೂ ಚಪ್ಪಾಳೆ ನೆನಪಾಗಲಿಲ್ಲ. ಮುದುಕಿ, “ಇನ್ನೊಮ್ಮಿ ಕರಿ, ಯವ್ವಾ,” ಎಂದಳು. ಹಾಲವ್ವ ಇನ್ನೊಮ್ಮೆ ಹಾಡಿದಳು.

ಕೊನೆಗೆ ಕುಳಿತವರು ಮಾಳಪ್ಪ. ಎಲ್ಲರೂ ಮುಂದೆ ಬಂದ ಮೇಲೆ ಖಾಲಿ ಬಯಲಿನಲ್ಲಿ ಒಬ್ಬರೇ ನಿಂತಿದ್ದರು. ಆಮೇಲೆ ನಿಧಾನವಾಗಿ ಬಂದು ನನ್ನ ಪೇಟಿಯ ಪಕ್ಕ ಕಂಬಳಿ ಹಾಸಿ ಕುಳಿತರು.

ಆಟ ಮುಗಿದು ಹುಡುಗರು ಸಾಮಾನು ಕಟ್ಟುತ್ತಿದ್ದರು. ಹಾಲವ್ವನನ್ನು ಹೆಂಗಸರು ಸುತ್ತುಗಟ್ಟಿದ್ದರು. ಮಾಳಪ್ಪ ಎದ್ದಿರಲಿಲ್ಲ.

“ಅಕ್ಕಾರ, ನನ್ನ ಮಗಳು ಹಾಡಿದ್ದು ಇದರಾಗ ಯಾವುದ್ರಿ?”

ನಾನು ಬಿಳಿ ಮೂರನ್ನು ತೋರಿಸಿದೆ. ಅವರು ಸೊಂಟದ ಸಂಚಿಯಿಂದ ಭಂಡಾರ ತೆಗೆದು, ಹೆಬ್ಬೆರಳಿಗೆ ಹಚ್ಚಿಕೊಂಡು, ದೇವರಿಗೆ ಒತ್ತುವ ಹಾಗೆ ಆ ಪಟ್ಟಿಗೆ ಒತ್ತಿದರು. ತಿದಿಯಲ್ಲಿ ಇನ್ನೂ ಸ್ವಲ್ಪ ಗಾಳಿ ಉಳಿದಿತ್ತೆಂದು ಕಾಣುತ್ತದೆ, ಪೇಟಿ ಮೆಲ್ಲಗೆ ನುಡಿಯಿತು. ಮಾಳಪ್ಪ ಬೆರಳು ತೆಗೆಯಲಿಲ್ಲ. ಸ್ವರ ಸಣ್ಣದಾಗುತ್ತ ಹೋಗಿ ನಿಲ್ಲುವ ತನಕ ಕಿವಿಗೊಟ್ಟು ಕೇಳಿದರು.

“ನಮ್ಮವ್ವನ ದನೀನೂ ಇಲ್ಲೇ ಇತ್ತರಿ,” ಎಂದರು. “ಆಕಿ ಕುರಿ ಕರದದ್ದು ಕೇಳೇನಿ. ಆಕಿಗೆ ಹಾಡು ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.”

ಆಮೇಲೆ ಕಂಬಳಿ ಎತ್ತಿಕೊಂಡು ಒಮ್ಮೆ ಝಾಡಿಸಿ, ಮಗಳಿದ್ದ ಕಡೆ ಹೋದರು.